ಭಾನುವಾರದ ನೀರು

ಊರಿನವರ ಬಾಯಲ್ಲಿ ಅವರು ಮಾತ್ರೆ ತಾತ. ಮೂವತ್ತೆರಡು ವರ್ಷ ಔಷಧಿ ಅಂಗಡಿಯಲ್ಲಿ ಕೂತು, ಡಾಕ್ಟರುಗಳ ಕಾಗೆ ಕಾಲಿನ ಬರಹ ಓದಿ ಓದಿ ಕಣ್ಣು ಸಣ್ಣ ಮಾಡಿಕೊಂಡವರು. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಸುಮ್ಮನೆ ಕೂರಲಾಗದೆ ಹಳ್ಳದ ಬೆನ್ನು ಹತ್ತಿದರು. ಊರಿನ ನಡುವೆ ಹರಿಯುವ ಆ ಹಳ್ಳವನ್ನು ಕಾಯಲು ಏಳು ವರ್ಷದ ಹಿಂದೆ ಒಂದು ಬಳಗ ಕಟ್ಟಿದರು. ದಡದ ಕಸ ಹೆಕ್ಕುವುದು, ಶಾಲೆ ಮಕ್ಕಳಿಗೆ ಪಾಠ ಹೇಳುವುದು, ವಾರಕ್ಕೊಮ್ಮೆ ನೀರಿನ ಪರೀಕ್ಷೆ ಮಾಡುವುದು ಬಳಗದ ಕೆಲಸ. ಪರೀಕ್ಷೆ ಎಂದರೆ ಬೆರಳುದ್ದದ ಕಾಗದದ ಪಟ್ಟಿ. ನೀರಿಗೆ ಅದ್ದಿದರೆ ಒಳ್ಳೆಯ ನೀರಿಗೆ ಹಸಿರು, ಕೆಟ್ಟದ್ದಕ್ಕೆ ಹಳದಿ, ತೀರ ಕೆಟ್ಟದ್ದಕ್ಕೆ ಇಟ್ಟಿಗೆ ಕೆಂಪು.

ತಾತ ಮಾಡಿದ ನಿಯಮ ಒಂದೇ. ಭಾನುವಾರ, ಬೆಳಿಗ್ಗೆ ಏಳು ಗಂಟೆ, ಸೇತುವೆ ಕೆಳಗಿನ ಚಪ್ಪಟೆ ಕಲ್ಲು. ಜ್ವರ ನೋಡುವವರು ಇವತ್ತು ಕಂಕುಳಲ್ಲಿ, ನಾಳೆ ಬಾಯಲ್ಲಿ ಇಟ್ಟರೆ ಏರಿಳಿತ ಗೊತ್ತಾಗುತ್ತದೆಯೇ ಎಂದು ಅವರು ಕೇಳಿದಾಗ ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಲು ಇನ್ನೊಂದು ಕಾರಣವೂ ಇತ್ತು. ಬಳಗದಲ್ಲಿದ್ದವರೆಲ್ಲ ಗುಮಾಸ್ತರು, ಅಂಗಡಿಯವರು, ಬಸ್ ಓಡಿಸುವವರು. ಭಾನುವಾರ ಬಿಟ್ಟರೆ ಯಾರಿಗೂ ಪುರುಸೊತ್ತು ಇರಲಿಲ್ಲ. ಹೀಗೆ ಏಳು ವರ್ಷದಲ್ಲಿ ಮುನ್ನೂರ ಅರವತ್ತಕ್ಕೂ ಹೆಚ್ಚು ಭಾನುವಾರ ಪಟ್ಟಿ ಅದ್ದಿದರು. ಒಂದು ಸಲವೂ ಹಸಿರು ತಪ್ಪಲಿಲ್ಲ. ತಾತ ಪ್ರತಿ ಹಾಳೆಗೂ ಸಹಿ ಹಾಕಿ, ಒಂದು ಪ್ರತಿಯನ್ನು ನೀರಿನ ಇಲಾಖೆಗೆ ಕಳಿಸಿ, ಮುಂದಿನ ತಿಂಗಳ ಕಾರ್ಯಕ್ರಮವನ್ನು ಸೇತುವೆಯ ಬೋರ್ಡಿಗೆ ಅಂಟಿಸುತ್ತಿದ್ದರು.

ಹಳ್ಳದಲ್ಲಿ ಮೀನು ಕಾಣದೆ ಮೂರು ವರ್ಷವಾಗಿತ್ತು. ಕಪ್ಪೆ ಕೂಗೂ ನಿಂತಿತ್ತು. ಬಿಸಿಲು ಜಾಸ್ತಿಯಾಯಿತು ಎಂದರು ಕೆಲವರು, ಕೊಕ್ಕರೆ ತಿಂದವು ಎಂದರು ಇನ್ನು ಕೆಲವರು. ಪಟ್ಟಿಯೇ ಹಸಿರು ಎನ್ನುವಾಗ ಮೀನಿನ ಸಾಕ್ಷಿ ಯಾರಿಗೆ ಬೇಕು.

ತಕರಾರು ಎತ್ತಿದವಳು ಟೈಲರಮ್ಮ ಒಬ್ಬಳೇ. ಅವಳ ಹೊಲಿಗೆ ಅಂಗಡಿಯ ಹಿಂಬಾಗಿಲು ಹಳ್ಳಕ್ಕೇ ತೆರೆಯುತ್ತಿತ್ತು. ಒಂದು ವರ್ಷ ಮದುವೆ ಬಟ್ಟೆಗಳ ರಾಶಿ ಬಿದ್ದು ಮೂರು ಭಾನುವಾರ ಅವಳ ಸರದಿ ತಪ್ಪಿತು. ತಪ್ಪಿದ ಕೆಲಸವನ್ನು ಮಂಗಳವಾರ ಮಾಡಿ, ಬಂದ ಬಣ್ಣವನ್ನು ಪ್ರಾಮಾಣಿಕವಾಗಿ ಬರೆದಳು. ಮೂರು ಸಲವೂ ಇಟ್ಟಿಗೆ ಕೆಂಪು. ತಾತ ಮೂರನ್ನೂ ಗೀಟೆಳೆದು ಹೊಡೆದು ಹಾಕಿದರು. ವಾರ ತಪ್ಪಿದ ಅಳತೆ ಅಳತೆಯೇ ಅಲ್ಲ ಎಂದರು. ಟೈಲರಮ್ಮನ ಕೈಗೆ ಸೂಜಿ ಒಗ್ಗಿದಷ್ಟು ಪಟ್ಟಿ ಒಗ್ಗಿಲ್ಲ ಎಂದು ಸಭೆಯಲ್ಲಿ ನಗಿಸಿದರು ಕೂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಎದುರು ನಾಲ್ಕನೆಯ ಕಾಲನ್ನು ತೋರಿಸಿ ಏನು ಫಲ. ಆದರೂ ಅವಳು ಬಿಡಲಿಲ್ಲ.

"ನಾನು ಅಳತೆ ತಪ್ಪಿದ್ರೆ ಗಿರಾಕಿ ಬಟ್ಟೆ ತಂದು ಮುಖಕ್ಕೆ ಎಸೀತಾರೆ ಸಾರ್. ನೀವು ತಪ್ಪಿದ್ರೆ ಯಾರು ಬಂದು ಹೇಳ್ಬೇಕು?"

ಅಂದು ಎಲ್ಲರೂ ಇನ್ನಷ್ಟು ನಕ್ಕರು.

ವರ್ಷಕ್ಕೊಮ್ಮೆ ಬಳಗ 'ಹಳ್ಳದ ದಿನ' ಮಾಡುತ್ತಿತ್ತು. ಮಕ್ಕಳನ್ನು ನೀರಿಗಿಳಿಸಿ, ಅವರ ಕೈಯಿಂದಲೇ ಪಟ್ಟಿ ಅದ್ದಿಸುವ ಕಾರ್ಯಕ್ರಮ. ಅದೂ ಭಾನುವಾರವೇ ನಡೆಯುತ್ತಿತ್ತು. ಈ ಸಲ ನೀರಿನ ಇಲಾಖೆಯ ದೊಡ್ಡ ಅಧಿಕಾರಿ ಬಂದು ಪ್ರಶಸ್ತಿ ಪತ್ರ ಕೊಡುವುದೆಂದು ಗೊತ್ತಾಯಿತು. ಭಾನುವಾರ ಅಧಿಕಾರಿ ಮನೆ ಬಿಟ್ಟು ಕದಲುವವರಲ್ಲ. ಹಾಗಾಗಿ ಬುಧವಾರ ನಿಗದಿಯಾಯಿತು. ಮೊದಲು ನೀರಿಗಿಳಿದು ಪಟ್ಟಿ ಅದ್ದುವವಳು ತಾತನ ಹತ್ತು ವರ್ಷದ ಮೊಮ್ಮಗಳು. ಯಾವ ಮಾತಿಗೂ ಎದುರು ಪಾಯಿಂಟು ಹಾಕುವ ಅವಳಿಗೆ ಮನೆಯಲ್ಲಿ ವಕೀಲಮ್ಮ ಎಂದೇ ಹೆಸರು. ತಾತನ ಜೀವವೆಲ್ಲ ಅವಳ ಮೇಲೆ.

ಮಂಗಳವಾರ ಮಧ್ಯಾಹ್ನ ತಾತ ಒಬ್ಬರೇ ಹಳ್ಳಕ್ಕೆ ಇಳಿದರು. ಮಕ್ಕಳು ಜಾರಬಾರದೆಂದು ಕಲ್ಲುಗಳ ಪಾಚಿ ಉಜ್ಜಿ, ಎರಡು ಮರಗಳ ನಡುವೆ ಹಗ್ಗ ಕಟ್ಟಿದರು. ಕೆಲಸ ಮುಗಿದ ಮೇಲೆ ಸುಮ್ಮನೆ, ಕೈಯಲ್ಲಿದ್ದ ಡಬ್ಬಿಯಿಂದ ಒಂದು ಪಟ್ಟಿ ತೆಗೆದು ಅದ್ದಿದರು. ಅದು ಇಟ್ಟಿಗೆ ಕೆಂಪಾಯಿತು.

ಔಷಧಿಯವರ ಬುದ್ಧಿ, ಮೊದಲು ಡಬ್ಬಿಯ ತಳ ತಿರುಗಿಸಿ ತಾರೀಕು ನೋಡಿದರು. ಇನ್ನೂ ಒಂದು ವರ್ಷವಿತ್ತು. ಹೊಸ ಡಬ್ಬಿ ಒಡೆದು ಇನ್ನೊಂದು ಅದ್ದಿದರು, ಮತ್ತೊಂದು ಅದ್ದಿದರು. ಮೂರೂ ಕೆಂಪು. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿ, ತಳದ ಒಂದೊಂದು ಹರಳೂ ಕಾಣುವಂತೆ ಹರಿಯುತ್ತಿತ್ತು. ತಾತನಿಗೆ ಅಂಗಾಲಿನಲ್ಲಿ ಸಣ್ಣಗೆ ಉರಿ ಶುರುವಾದದ್ದು ಆಗ ಗಮನಕ್ಕೆ ಬಂತು. ನಾಳೆ ಇದೇ ಜಾಗದಲ್ಲಿ ಮಗು ನಿಲ್ಲುತ್ತದೆ.

ಹಳ್ಳದ ಮೇಲ್ಭಾಗದಲ್ಲಿ ಇದ್ದದ್ದು ಒಂದೇ ಕಾರ್ಖಾನೆ. ಬೀಗ, ಚಿಲಕ, ಬಾಗಿಲ ತಿರುಗಣಿ ಮಾಡಿ ಅವಕ್ಕೆ ಹೊಳಪಿನ ಲೇಪ ಕೊಡುವ ಜಾಗ. ಬಳಗಕ್ಕೆ ಟೋಪಿ ಹೊಲಿಸಿಕೊಡುತ್ತಿದ್ದವರೂ ಅವರೇ. ತಾತ ಒದ್ದೆ ಕಾಲಲ್ಲೇ ಅಲ್ಲಿಗೆ ಹೋದರು. ಮ್ಯಾನೇಜರು ಮಗನ ವಯಸ್ಸಿನವನು. ಎದ್ದು ನಿಂತು, ಕುರ್ಚಿ ಎಳೆದು ಕೂರಿಸಿ, ಟೀ ತರಿಸಿದ. ತಾತ ಮೂರು ಕೆಂಪು ಪಟ್ಟಿಗಳನ್ನು ಮೇಜಿನ ಗಾಜಿನ ಮೇಲೆ ಇಟ್ಟರು. ಅವನು ಅವನ್ನು ನೋಡಿ ಬೆಚ್ಚುತ್ತಾನೆ, ಇಲ್ಲವೇ ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದರು. ಅವನು ಸಮಾಧಾನ ಮಾಡುವ ದನಿಯಲ್ಲಿ ಮಾತಾಡಿದ.

"ಯೋಚನೆ ಮಾಡ್ಬೇಡಿ ಸಾರ್. ಈ ಸಲ ಬುಧವಾರ ಅಂತ ನಿಮ್ಮ ಬೋರ್ಡ್ ನೋಡಿದ ಕೂಡಲೇ ನಮ್ಮವರಿಗೆ ಹೇಳಿಬಿಟ್ಟಿದ್ದೀನಿ. ಇವತ್ತು ಸಂಜೆಯಿಂದ ನಮ್ಮ ನೀರು ಹಳ್ಳಕ್ಕೆ ಬಿಡಲ್ಲ. ಎರಡು ದಿನದ್ದು ತೊಟ್ಟಿಯಲ್ಲೇ ನಿಲ್ಲಿಸ್ಕೋತೀವಿ. ಮಕ್ಕಳು ಇಳಿಯೋ ದಿನ ಅಲ್ವಾ, ನಮಗೂ ಮಕ್ಕಳಿದ್ದಾರೆ."

ಮ್ಯಾನೇಜರು ಬೀರುವಿನಿಂದ ಒಂದು ದಪ್ಪ ಫೈಲು ತೆಗೆದು ಮುಂದಿಟ್ಟ. ತೋರಿಸುವುದರಲ್ಲಿ ಅವನಿಗೆ ಯಾವ ಅಳುಕೂ ಇರಲಿಲ್ಲ, ಉಪಕಾರ ಸ್ಮರಣೆಯೇ ಇತ್ತು. ಒಳಗೆ ಭಾನುವಾರದ ಹಾಳೆಗಳು. ಏಳು ವರ್ಷದ ಹಾಳೆಗಳು, ಪ್ರತಿಯೊಂದರ ಕೆಳಗೂ ತಾತನ ಸಹಿ, ಪಕ್ಕದಲ್ಲಿ ಇಲಾಖೆಯ ಮೊಹರು. ಪ್ರತಿ ವರ್ಷ ಪರವಾನಗಿ ಮುಂದುವರಿಸಲು ಕೊಡುವ ಕಾಗದ ಇದೇ ಎಂದ. ಬೇರೆಯವರ ಹತ್ತಿರ ಪರೀಕ್ಷೆ ಮಾಡಿಸಿದರೆ ಜನ ನಂಬುವುದಿಲ್ಲ, ನಿಮ್ಮ ಬಳಗದ್ದಾದರೆ ಯಾರೂ ಎದುರಾಡುವುದಿಲ್ಲ ಎಂದ. ಶನಿವಾರ ಸಂಜೆ ತೂಬು ಮುಚ್ಚಿ ಸೋಮವಾರ ತೆರೆಯುವುದು ಈಗ ಕೆಲಸಗಾರರಿಗೆಲ್ಲ ಅಭ್ಯಾಸವಾಗಿದೆಯಂತೆ.

ಕಾವಲುಗಾರ ಎಷ್ಟು ಹೊತ್ತಿಗೆ ಬರುತ್ತಾನೆಂದು ಕಳ್ಳನಿಗೆ ಗೊತ್ತಿದ್ದರೆ ಕಾವಲು ಯಾರ ಪಾಲಿಗೆ? ತಾತ ಅದನ್ನೇ ಯೋಚಿಸುತ್ತ ಮನೆಗೆ ಬಂದರು. ನಿಲ್ಲಿಸಿದ ಎರಡು ದಿನದ ನೀರು ಗುರುವಾರ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ತೊಟ್ಟಿಯಲ್ಲಿ ಏನಿದೆ ಎಂದೂ ಕೇಳಲಿಲ್ಲ. ಸೊಸೆ ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ವಕೀಲಮ್ಮ ಕನ್ನಡಿ ಎದುರು ನಿಂತು, ಪಟ್ಟಿ ಹೇಗೆ ಹಿಡಿದರೆ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದಳು. ತಾತ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆಯಂತೂ ನೀರು ಚೆನ್ನಾಗಿರುತ್ತದಲ್ಲ, ಶನಿವಾರದ ಸಭೆಯಲ್ಲಿ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ತಮಗೆ ತಾವೇ ಮಾತು ಕೊಟ್ಟುಕೊಂಡರು. ಅವರಿಗೆ ಭಯವಾಗಿತ್ತು. ಹಳ್ಳದ ಬಗ್ಗೆ ಎಷ್ಟೋ, ಏಳು ವರ್ಷದ ಹೆಸರಿನ ಬಗ್ಗೆಯೂ ಅಷ್ಟೇ.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಹೋಗಿ ಒಂಬತ್ತು ಪಟ್ಟಿ ಅದ್ದಿದರು. ಒಂಬತ್ತೂ ಹಸಿರು. ಮ್ಯಾನೇಜರು ಮಾತಿಗೆ ತಪ್ಪುವವನಲ್ಲ.

ಹತ್ತು ಗಂಟೆಗೆ ಮೈಕು, ಶಾಮಿಯಾನ, ಮುನ್ನೂರು ಮಕ್ಕಳು, ಮುನ್ನೂರು ಟೋಪಿಗಳು. ವಕೀಲಮ್ಮ ಮೊಣಕಾಲುದ್ದ ನೀರಲ್ಲಿ ನಿಂತು ಪಟ್ಟಿ ಎತ್ತಿ ಹಿಡಿದಾಗ ಅದು ಎಳೆ ಹುಲ್ಲಿನ ಹಸಿರಾಗಿತ್ತು. ಚಪ್ಪಾಳೆ ಬಿತ್ತು. ಅಧಿಕಾರಿಗೆ ಉತ್ಸಾಹ ಬಂದು, ಕುಡಿಯುವಷ್ಟು ಚೆನ್ನಾಗಿದೆಯಾ ಹಿರಿಯರೇ ಎಂದು ಮೈಕಿನಲ್ಲೇ ಕೇಳಿದರು. ಕ್ಯಾಮೆರಾಗಳು ತಾತನ ಕಡೆ ತಿರುಗಿದವು. ಎಷ್ಟೇ ತಿಳಿಯಾಗಿದ್ದರೂ ಹಳ್ಳದ ನೀರನ್ನು ಕಾಯಿಸದೆ ಕುಡಿಯಬಾರದು ಎಂದು ಮೂವತ್ತೆರಡು ವರ್ಷ ಗಿರಾಕಿಗಳಿಗೆ ಹೇಳಿದ ಬಾಯಿ ಅದು. ಈಗ ಹಿಂಜರಿದರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ. ತಾತ ಬಗ್ಗಿ ಒಂದು ಬೊಗಸೆ ಎತ್ತಿ ಕುಡಿದರು. ನೀರು ತಣ್ಣಗಿತ್ತು. ಮೈಕು ಬಾಯಿಯ ಹತ್ತಿರ ಬಂತು. ನಮ್ಮ ಹಳ್ಳ ಶುದ್ಧವಾಗಿದೆ, ಯಾರಿಗೂ ಯಾವ ಭಯವೂ ಬೇಡ ಎಂದರು.

ಜನ ಕರಗಿದ ಮೇಲೆ ಟೈಲರಮ್ಮ ಹತ್ತಿರ ಬಂದು, ಅಭಿನಂದನೆ ಹೇಳದೆ, ನಾಳೆಯೂ ಪಟ್ಟಿ ಅದ್ದುತ್ತೀರಾ ಎಂದು ಕೇಳಿದಳು. ಅವಳ ಮುಖ ನೋಡಲು ತಾತನಿಗೆ ಆಗಲಿಲ್ಲ. "ಶನಿವಾರ ಎಲ್ಲಾ ಹೇಳ್ತೀನಿ. ಎರಡು ದಿನ ತಾಳಮ್ಮ," ಎಂದರು. ಅವಳು ತಿರುಗಿ ತನ್ನ ಅಂಗಡಿಯ ಕಡೆ ನಡೆದಳು.

ಗುರುವಾರವೆಲ್ಲ ಅಂಗಡಿಗೆ ಜನ ಬಂದು ಪ್ರಶಸ್ತಿ ಪತ್ರ ನೋಡಿದರು. ಪೇಪರಿನಲ್ಲಿ ಬೊಗಸೆಯಿಂದ ನೀರು ಕುಡಿಯುವ ತಾತನ ಫೋಟೋ ಬಂದಿತ್ತು. ಮಗ ಅದನ್ನು ಕತ್ತರಿಸಿ ಗಾಜಿಗೆ ಅಂಟಿಸಿದ. ನಾಲ್ಕೂವರೆಗೆ ಸೊಸೆಯ ಫೋನು ಬಂತು. ಮಗಳು ಇನ್ನೂ ಶಾಲೆಯಿಂದ ಬಂದಿಲ್ಲ, ಗೆಳತಿಯರ ಮನೆಯಲ್ಲೂ ಇಲ್ಲ, ಅವರೂ ಮನೆ ಸೇರಿಲ್ಲ ಎಂದಳು.

ಮಗ ಎಲ್ಲೋ ಆಟವಾಡುತ್ತಿರುತ್ತಾರೆ ಎಂದ. ತಾತನಿಗೆ ಎಲ್ಲಿ ಎಂದು ಆ ಕ್ಷಣವೇ ಗೊತ್ತಾಯಿತು. ಎಪ್ಪತ್ತರ ಕಾಲುಗಳಿಗೆ ಅಷ್ಟು ಓಟ ಉಳಿದಿದೆಯೆಂದು ಅವರಿಗೇ ತಿಳಿದಿರಲಿಲ್ಲ. ಸೇತುವೆಯ ಹತ್ತಿರ ಹನ್ನೊಂದು ಜೊತೆ ಶೂ, ಹನ್ನೊಂದು ಶಾಲಾ ಚೀಲ ಸಾಲಾಗಿ ಇದ್ದವು. ಕೆಳಗೆ, ಅವರೇ ಉಜ್ಜಿದ ಕಲ್ಲುಗಳ ನಡುವೆ, ಅವರೇ ಕಟ್ಟಿದ ಹಗ್ಗ ಹಿಡಿದು ಮಕ್ಕಳು ನಿಂತಿದ್ದರು. ತಾತ ಕೂಗಿದ ಕೂಗಿಗೆ ಬೆದರಿ ಒಬ್ಬೊಬ್ಬರೇ ದಡಕ್ಕೆ ಬಂದರು. ಕಾಲುಗಳು ಮೊಣಕಾಲಿನ ತನಕ ಕೆಂಪಗಾಗಿದ್ದವು. ಅತಿ ಚಿಕ್ಕವಳು ಚೀಲಗಳ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು.

ವಕೀಲಮ್ಮ ಕೊನೆಗೆ ಬಂದಳು. ಅವಳ ಕೈಯಲ್ಲಿ ನಿನ್ನೆ ಉಳಿದಿದ್ದ ಪಟ್ಟಿಗಳ ಡಬ್ಬಿ ಇತ್ತು. "ಪಟ್ಟಿ ಎಲ್ಲಾ ಕೆಟ್ಟೋಗಿವೆ ತಾತ. ಎಷ್ಟು ಸಲ ಅದ್ದಿದ್ರೂ ಕೆಂಪಾಗ್ತಿವೆ," ಎಂದಳು.

ತಾತ ಅವಳ ಎರಡೂ ಭುಜ ಹಿಡಿದರು. "ಬಾಯಿಗೆ ಹಾಕಿದ್ರಾ? ನಿಜ ಹೇಳು ಕಂದ, ಬೈಯಲ್ಲ."

"ಹೂಂ. ಒಬ್ಬೊಬ್ಬರು ಒಂದೊಂದು ಬೊಗಸೆ ಕುಡಿದ್ವಿ. ನೀವೇ ಕುಡಿದು ತೋರಿಸಿದ್ರಲ್ಲ." ಅವಳು ಉಗುಳು ನುಂಗಲು ನೋಡಿ ಮುಖ ಕಿವುಚಿದಳು. "ಗಂಟಲು ಉರೀತಿದೆ ತಾತ."

ತಾತ ಮಗನಿಗೆ ಫೋನು ಮಾಡಿದರು. ಹನ್ನೊಂದು ಮಕ್ಕಳು, ಗಾಡಿ ತಾ, ಆಸ್ಪತ್ರೆಗೆ ಹೇಳು ಎಂದರು. ಮಗ ಒಂದೇ ಪ್ರಶ್ನೆ ಕೇಳಿದ. ಮೂವತ್ತೆರಡು ವರ್ಷ ತಾತ ಅಂಗಡಿಯಲ್ಲಿ, ಗಾಬರಿಯಿಂದ ಓಡಿ ಬಂದ ತಾಯಂದಿರನ್ನೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು.

"ಏನು ಕುಡಿದಿದ್ದಾರೆ ಅಪ್ಪ? ಅದರಲ್ಲಿ ಏನಿತ್ತು?"

ತಾತ ಹಳ್ಳವನ್ನು ನೋಡಿದರು. ನೀರು ತಿಳಿಯಾಗಿ ಹರಿಯುತ್ತಿತ್ತು. ಏನಿತ್ತೆಂದು ಅವರಿಗೆ ಗೊತ್ತಿರಲಿಲ್ಲ.