ಬಣ್ಣಗಾರನ ಮೂತ್ರ ನೋಡಿದ ಸೂಕ್ಷ್ಮದರ್ಶಕ

ನಾನು ಒಂದು ಸೂಕ್ಷ್ಮದರ್ಶಕ. ಹುಟ್ಟಿದ್ದು ದೂರದ ಅಂಬಾಲಾದ ಒಂದು ಕಾರ್ಖಾನೆಯಲ್ಲಿ. ಮೊದಲು ಒಂದು ಕಾಲೇಜಿನಲ್ಲಿದ್ದೆ. ಅಲ್ಲಿ ಈರುಳ್ಳಿ ಸಿಪ್ಪೆ ಬಿಟ್ಟರೆ ಹೆಚ್ಚೇನೂ ಕಾಣಲಿಲ್ಲ. ಆಮೇಲೆ ಬಾಗಲಕೋಟೆಯ ಒಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬಂದು ಡಾಕ್ಟರ್ ಗಂಗಾಂಬಿಕಾ ಅವರ ಮೇಜಿನ ಮೇಲೆ ಕೂತೆ. ಕನ್ನಡಕವನ್ನು ಹಣೆಗೇರಿಸಿ ನನ್ನೊಳಗೆ ಇಣುಕುವುದು ಅವರ ರೂಢಿ.

ಒಂದು ದಿನ ಗುಳೇದಗುಡ್ಡದ ಸಂಕಪ್ಪ ಬಂದ. ಕುಪ್ಪಸದ ಖಣ ನೇಯುವ ನೂಲಿಗೆ ಬಣ್ಣ ಹಾಕುವವನು, ಉಗುರೆಲ್ಲ ನೇರಳೆ. ಮೂತ್ರ ಕೆಂಪಗೆ ಹೋಗುತ್ತಿತ್ತು, ನೋವಿರಲಿಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರು ಮೂತ್ರಕೋಶಕ್ಕೆ ಪೈಪ್ ಇಳಿಸಿ ನೋಡಬೇಕು ಎಂದದ್ದೇ ತಡ, ಹೆದರಿ ಊರಿಗೆ ಹೊರಟುಬಿಟ್ಟಿದ್ದ. ಹೆಂಡತಿ ಶಾಂತವ್ವ ಬಾಗಿಲಲ್ಲೇ ತಡೆದು ನಮ್ಮಲ್ಲಿಗೆ ಕರೆತಂದಿದ್ದಳು.

“ಇದು ರಕ್ತ ಅಲ್ರಿ ಮೇಡಮ್ಮಾರ, ಬಣ್ಣ. ಜನ್ಮೆಲ್ಲಾ ಬಣ್ಣದಾಗ ಕೈ ಹಾಕೀನಿ, ಮೈಯಾಗ ಇಳದೈತಿ,” ಎಂದ.

“ಆಗಲಿ, ಡಬ್ಬಿಯೊಳಗ ಮೂತ್ರ ಹಿಡದು ಕೊಡ್ರಿ. ಸೂಜಿ ಇಲ್ಲ, ಪೈಪ್ ಇಲ್ಲ. ಏನೈತಿ ನೋಡೂಣು,” ಎಂದರು ಡಾಕ್ಟರು.

ಮೂತ್ರವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳದಲ್ಲಿ ನಿಂತದ್ದನ್ನು ಗಾಜಿಗೆ ಸವರಿ, ಕೋಶಗಳು ಎದ್ದು ಕಾಣುವಂತೆ ಬಣ್ಣ ಕೊಟ್ಟು ನನ್ನ ಕೆಳಗಿಟ್ಟರು. ಒಳ್ಳೆಯ ಜೀವಕೋಶಗಳ ನಡುವೆ ಉಬ್ಬಿದ, ಕಪ್ಪು ನಡುವಿನ ಕೋಶಗಳು ಗುಂಪುಗಟ್ಟಿ ಕೂತಿದ್ದವು. ಡಾಕ್ಟರು ನಿಟ್ಟುಸಿರುಬಿಟ್ಟರು. ಫಲಿತಾಂಶಕ್ಕೆಂದು ಬಂದ ಸಂಕಪ್ಪನನ್ನು ನನ್ನ ಮುಂದೆಯೇ ಕೂರಿಸಿ, ಒಳಗೆ ಇಣುಕಲು ಹೇಳಿದರು.

“ಇವೊಂದಿಷ್ಟು ಯಾಕ್ರಿ ಹಿಂಗ ಕರ್ರಗ ಬಣ್ಣ ಕುಡದಾವು?” ಎಂದ ಅವನು, ಕಣ್ಣು ತೆಗೆಯದೆ.

“ಅವು ಕ್ಯಾನ್ಸರಿನವು, ಸಂಕಪ್ಪನವರ. ಎಲ್ಲಿ ಐತಿ, ಎಷ್ಟೈತಿ ಅನ್ನೂದು ಇದರಾಗ ಕಾಣೂದಿಲ್ಲ. ಅದಕ್ಕ ಪೈಪ್ ಬೇಕ.”

ಅವನು ಕಣ್ಣನ್ನು ಇನ್ನಷ್ಟು ಒತ್ತಿ ಹಿಡಿದ. ನನ್ನ ಕಣ್ಗಾಜು ಒದ್ದೆಯಾಯಿತು. “ಹಾಕ್ಲಿ ಹಂಗಾರ,” ಎಂದ ಕೊನೆಗೆ.

ಗಡ್ಡೆ ಇನ್ನೂ ಆಳಕ್ಕೆ ಇಳಿದಿರಲಿಲ್ಲವಂತೆ, ಕೆತ್ತಿ ತೆಗೆದರು. ಮರಳಿ ಬರದಂತೆ ಔಷಧಿಯನ್ನೂ ಕೊಟ್ಟರು. ಕೆಲವು ಬಣ್ಣಗಳಲ್ಲಿ ವರ್ಷಗಟ್ಟಲೆ ಕೈ ಹಾಕಿದವರಿಗೆ ಇಂಥ ಗಡ್ಡೆ ಬರಬಹುದು ಎಂದೂ ತಿಳಿಸಿದ್ದರು. ತಪಾಸಣೆಗೆ ಬಂದಾಗಲೆಲ್ಲ ಸಂಕಪ್ಪ ನಮ್ಮಲ್ಲಿಗೂ ಡಬ್ಬಿ ಕೊಡುತ್ತಿದ್ದ. ಒಮ್ಮೆ ಶಾಂತವ್ವನನ್ನೇ ಮುಂದೆ ತಳ್ಳಿದ.

“ಇಕಿದೂ ನೋಡ್ರಿ. ನನ್ನ ಜೋಡಿ ಇಕೀನೂ ಬಣ್ಣದಾಗ ಕೈ ಆಡಿಸ್ಯಾಳ. ನನಗ ನಿದ್ದಿ ಹತ್ತವಲ್ದು.”

“ನನಗೇನಾಗೇತಿ, ಸುಮ್ನಿರ್ರಿ,” ಎಂದು ಅವಳು ಗದರಿದಳು. ಆದರೂ ಡಬ್ಬಿ ತೆಗೆದುಕೊಂಡಳು.

ಅವಳ ಮೂತ್ರ ಸವರಿದ ಗಾಜನ್ನು ಡಾಕ್ಟರು ನನ್ನ ಕೆಳಗೆ ಸಾಲುಸಾಲಾಗಿ ಸರಿಸುತ್ತಾ ಹೋದರು. ಮಗ್ಗುಲಲ್ಲಿದ್ದ ಚಹಾ ಆರಿ ಕೆನೆಗಟ್ಟಿತು. “ಇವತ್ತಿಗೆ ಏನೂ ಕಾಣ್ಸಿಲ್ಲವ್ವಾ. ಆದ್ರ ಕೆಂಪಗ ಹೋದ್ರ ಒಂದಿನಾನೂ ಕಾಯಬ್ಯಾಡ,” ಎಂದರು. “ಇನ್ನ ನಿದ್ದಿ ಹತ್ತತೈತ್ರಿ,” ಎಂದ ಸಂಕಪ್ಪ.

ಈಗ ನನ್ನ ತಿರುಪು ಸಡಿಲಾಗಿದೆ, ಮಸೂರಕ್ಕೆ ಬೂಸು ಹಿಡಿದಿದೆ. ಮೇಜಿನ ಮೇಲೆ ಕ್ಯಾಮೆರಾ ಇರುವ ಹೊಸಬ ಕೂತಿದ್ದಾನೆ, ನಾನು ಕಪಾಟಿನಲ್ಲಿ. ಕೂತು ಯೋಚಿಸಿದಾಗ ಒಂದು ಮಾತು ಅನ್ನಿಸುತ್ತದೆ. ಕೆಟ್ಟದ್ದು ಕಂಡ ಕೂಡಲೇ ಕಣ್ಣು ಅಲ್ಲೇ ನಿಲ್ಲುತ್ತದೆ. ಏನೂ ಇಲ್ಲ ಎಂದು ಒಬ್ಬರಿಗೆ ಹೇಳಬೇಕಾದರೆ ಮಾತ್ರ ಗಾಜಿನ ಈ ಅಂಚಿನಿಂದ ಆ ಅಂಚಿನವರೆಗೂ ನೋಡಬೇಕು.