ಅಂಗಳದಲ್ಲಿ ಕೂಗದ ಹೆಸರು

ಶಾಲೆಯ ಮಕ್ಕಳಿಗೆಲ್ಲ ಅವಳು ಗಂಟೆಯಮ್ಮ. ಮೇಷ್ಟ್ರುಗಳಿಗೂ ಅಷ್ಟೇ. ಹದಿನೆಂಟು ವರ್ಷದಿಂದ ಅಲ್ಲಿ ಅಟೆಂಡರ್. ಬೀಗ ತೆಗೆಯುವವಳು, ಕಾಗದಪತ್ರ ಒಯ್ಯುವವಳು, ಎಲ್ಲಕ್ಕಿಂತ ಮುಖ್ಯವಾಗಿ ವರಾಂಡದ ಮೂಲೆಯಲ್ಲಿ ತೂಗುಹಾಕಿದ ರೈಲುಹಳಿಯ ತುಂಡಿಗೆ ಸುತ್ತಿಗೆಯಿಂದ ಬಾರಿಸುವವಳು. ನಾಲ್ಕು ಜನ ಹೆಡ್‌ಮಾಸ್ಟರು ಬಂದುಹೋದರು, ಗೋಡೆಯ ಗಡಿಯಾರ ಎರಡು ಸಲ ಕೆಟ್ಟಿತು, ಗಂಟೆಯಮ್ಮನ ಗಂಟೆ ಮಾತ್ರ ಒಂದು ನಿಮಿಷ ಆಚೀಚೆ ಆದದ್ದಿಲ್ಲ. ಯಾರಾದರೂ ಹೊಗಳಿದರೆ "ಅಯ್ಯೋ, ಅದೇನ್ ಮಹಾ ಬಿಡಿ" ಅನ್ನುವಳು. ಹೊಗಳದಿದ್ದರೆ ತಾನೇ ನೆನಪು ಮಾಡಿಕೊಡುವಳು.

ಆ ಶಾಲೆಯಲ್ಲಿ ಫಲಿತಾಂಶ ಹೇಳುವುದಕ್ಕೆ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಕೊನೆಯ ತರಗತಿಯ ಮಕ್ಕಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸುವುದು. ಹೆಡ್‌ಮಾಸ್ಟರು ಮೆಟ್ಟಿಲ ಮೇಲೆ ನಿಂತು, ಹೆಚ್ಚು ಅಂಕ ತೆಗೆದವರಿಂದ ಶುರುಮಾಡಿ ಒಂದೊಂದೇ ಹೆಸರು ಕೂಗುವುದು. ಮೊದಲ ಹೆಸರಿಗೆ ಗಂಟೆ. ಹೆಸರು ಬಂದವರು ಮೆಟ್ಟಿಲು ಹತ್ತಿ ನೆರಳಿಗೆ. ಪಟ್ಟಿ ಮುಗಿದಾಗ ಬಿಸಿಲಲ್ಲಿ ಯಾರು ಉಳಿದರೋ ಅವರು ಫೇಲು. ಫೇಲು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಕಾಂಪೌಂಡಿನ ಆಚೆ ಕತ್ತು ಉದ್ದ ಮಾಡಿ ನಿಂತ ಅಪ್ಪ ಅಮ್ಮಂದಿರಿಂದ ಹಿಡಿದು ಎದುರಿನ ಸೈಕಲ್ ಶಾಪಿನವನವರೆಗೆ ಎಲ್ಲರಿಗೂ ಕಾಣುತ್ತಿತ್ತು.

ಗಂಟೆಯಮ್ಮ ಓದಿದ್ದೂ ಅದೇ ಶಾಲೆಯಲ್ಲಿ. ಹದಿನಾರರ ವಯಸ್ಸಿನಲ್ಲಿ ಅವಳೂ ಆ ಸಾಲಿನಲ್ಲಿ ನಿಂತಿದ್ದಳು. ಪಟ್ಟಿ ಮುಗಿದಾಗ ಉಳಿದವರು ಮೂವರು. ಇಬ್ಬರು ಅಳುತ್ತ ಗೇಟಿನ ಕಡೆ ಓಡಿದರು. ಇವಳು ಓಡಲಿಲ್ಲ. ನಿಲ್ಲು ಎಂದವರು ಮೇಷ್ಟ್ರುಗಳೇ ತಾನೇ, ಹೋಗು ಎನ್ನಬೇಕಾದವರೂ ಅವರೇ ಎಂದು ಕಾದಳು. ಯಾರೂ ಹೇಳಲಿಲ್ಲ. ಮೇಷ್ಟ್ರುಗಳು ಒಳಗೆ ಹೋದರು, ಪಾಸಾದವರು ಗುಂಪಾಗಿ ಮನೆಗೆ ಹೋದರು, ಪಾದದಡಿ ಇದ್ದ ಅವಳ ನೆರಳು ಗೋಡೆ ಮುಟ್ಟುವಷ್ಟು ಉದ್ದವಾಯಿತು. ಆಮೇಲೆ ತಾನೇ ಹೊರಟಳು. ಇದನ್ನು ಅವಳು ಮಗಳಿಗೆ ವರ್ಷಕ್ಕೊಂದು ಸಲವಾದರೂ ಹೇಳುತ್ತಿದ್ದಳು, ಅದೂ ನಗುನಗುತ್ತ. "ಲೈಟು ಕಂಬ ನಿಂತ ಹಾಗೆ ನಿಂತಿದ್ದೆ ಕಣೇ, ತಲೆ ಮೇಲೆ ಬಲ್ಬ್ ಒಂದಿರಲಿಲ್ಲ ಅಷ್ಟೇ!" ಮಗಳು ಮಾತ್ರ ಒಂದು ಸಲವೂ ನಗಲಿಲ್ಲ. ಪಾಪ, ಇದಕ್ಕೆ ತಮಾಷೆ ಅರ್ಥವಾಗುವುದಿಲ್ಲ ಎಂದುಕೊಳ್ಳುತ್ತಿದ್ದಳು ತಾಯಿ.

ಆ ಮಗಳು ಈ ವರ್ಷ ಕೊನೆಯ ತರಗತಿ. ಓದಿನಲ್ಲಿ ಎತ್ತಿದ ಕೈ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ತಳ್ಳಿಹಾಕುವ ಹಾಗಿಲ್ಲ, ಬಾಯಿಬಿಟ್ಟರೆ ಬೈಗುಳವೇ ಬರುವ ಗಣಿತದ ಮೇಷ್ಟ್ರೇ "ಈ ಸಲ ಮೊದಲ ಹೆಸರು ನಿನ್ನ ಮಗಳದ್ದೇ, ಬರೆದಿಟ್ಕೋ" ಎಂದಿದ್ದರು. ಅಂದಿನಿಂದ ಗಂಟೆಯಮ್ಮನಿಗೆ ಒಂದೇ ಕನಸು. ಅದೇ ಅಂಗಳ, ಅದೇ ಮೆಟ್ಟಿಲು, ಊರೆಲ್ಲ ಕೇಳುವ ಹಾಗೆ ಮಗಳ ಹೆಸರು, ಗಂಟೆ ಬಾರಿಸುವ ಕೈ ತನ್ನದು! ಆ ಒಂದು ಏಟಿಗೋಸ್ಕರ ಸುತ್ತಿಗೆಗೆ ಹೊಸ ಹಿಡಿ ಕೂಡ ಹಾಕಿಸಿದಳು.

ಫಲಿತಾಂಶಕ್ಕೆ ಎರಡು ದಿನ ಇದೆ ಎನ್ನುವಾಗ, ಈ ವರ್ಷವಷ್ಟೇ ಬಂದ ಹೆಡ್‌ಮಿಸ್ಸು ಅವಳನ್ನು ಒಳಗೆ ಕರೆದರು. ಮೇಜಿನ ಮೇಲೆ ಕಂದು ಬಣ್ಣದ ಕವರುಗಳ ಕಟ್ಟು.

"ಈ ಸಲ ಅಂಗಳದಲ್ಲಿ ಹೆಸರು ಓದಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು ಅವರವರ ಕವರು ಅವರ ಕೈಗೇ ಕೊಡೋದು. ಎಲ್ಲಿ ಬೇಕೋ ಅಲ್ಲಿ ಹೋಗಿ ತೆಗೆದು ನೋಡ್ಕೊಳ್ಳಲಿ. ಅಂಟಿಸೋ ಕೆಲಸ ನಿಮ್ಮದು."

ಗಂಟೆಯಮ್ಮ ಮೇಜಿನ ಹತ್ತಿರಕ್ಕೆ ಬಂದಳು. "ಮೇಡಂ, ಬರೋ ವರ್ಷದಿಂದ ಕವರು ಮಾಡಿ, ನಾನೇ ಅಂಟಿಸ್ತೀನಿ. ಇದೊಂದು ವರ್ಷ ಓದಿಬಿಡಿ. ಎಲ್ಲಾರ್ದೂ ಬೇಡ, ಮೊದಲನೇ ಹೆಸರು ಒಂದೇ ಸಾಕು."

"ಒಂದು ಹೆಸರು ಓದಿದ್ರೂ ಉಳಿದವರನ್ನ ನಿಲ್ಲಿಸ್ಲೇಬೇಕಲ್ಲ?" ಹೆಡ್‌ಮಿಸ್ಸು ಮೆತ್ತಗೆ ಹೇಳಿದರು. "ಒಬ್ಬರು ಬಂದು ಕೇಳ್ಕೊಂಡರು. ಮಾತು ಕೊಟ್ಟಿದ್ದೀನಿ."

"ಯಾರು ಮೇಡಂ ಅವರು?"

"ಅದನ್ನ ಹೇಳೋ ಹಾಗಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ಗಂಟೆಯಮ್ಮ ಅನ್ನಕ್ಕಿಂತ ಹೆಚ್ಚಾಗಿ ಮಾತನ್ನೇ ಅಗಿದಳು. "ಯಾವಳೋ ಹೊಟ್ಟೆಕಿಚ್ಚಿನವಳು ಹೋಗಿ ಕಿವಿ ಊದಿದ್ದಾಳೆ. ನನ್ನ ಮಗಳು ಮೊದಲು ಬರೋದನ್ನ ನೋಡಕ್ಕಾಗದೆ! ಅವಳ ತಲೆ ತುಂಬ ಹೇನು ಬೀಳ! ಅವಳ ಚಪ್ಪಲಿ ನಡುದಾರೀಲಿ ಕಿತ್ತುಹೋಗ!" ಎದುರಿಗೆ ಕೂತ ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಜಡೆ ಹೆಣೆಯುವಾಗಲೂ ಶಾಪ ಮುಂದುವರಿಯಿತು.

ಸಿಟ್ಟು ಎಷ್ಟೇ ಇರಲಿ, ಕೆಲಸ ಕೆಲಸವೇ. ಗುಮಾಸ್ತರು ಅಂಕಪಟ್ಟಿಗಳನ್ನು ಮಡಿಸಿ ಕವರಿಗೆ ಹಾಕಿ ಕೊಡುತ್ತ ಹೋದರು, ಗಂಟೆಯಮ್ಮ ಗೋಂದು ಸವರಿ ಅಂಟಿಸುತ್ತ ಹೋದಳು. ಎಪ್ಪತ್ತಮೂರು ಕವರು. ನಡುವೆ ಮಗಳ ಹೆಸರಿನದು ಬಂತು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಇಣುಕಿ ನೋಡೇ ಗಂಟೆಯಮ್ಮ, ನಾನು ಕಿಟಕಿ ಕಡೆ ತಿರುಗ್ತೀನಿ" ಎಂದರು.

ಅವಳ ಕೈ ಒಂದು ಗಳಿಗೆ ನಿಂತಿತು. ಹದಿನೆಂಟು ವರ್ಷ ಅವಳ ಕೈಮೇಲೆ ಎಷ್ಟು ಪ್ರಶ್ನೆಪತ್ರಿಕೆಯ ಕಟ್ಟು, ಎಷ್ಟು ಅಂಕಪಟ್ಟಿ ಓಡಾಡಿರಲಿಲ್ಲ! ಒಂದನ್ನಾದರೂ ಕದ್ದು ನೋಡಿದವಳಲ್ಲ. "ನೀವು ಯಾವ ಕಡೆ ತಿರುಗಿದ್ರೂ ನನ್ನ ಕಣ್ಣು ನನ್ನ ಹತ್ರಾನೇ ಇರ್ತವಲ್ಲ ಸಾರ್" ಎಂದು ಕವರಿನ ಬಾಯಿ ಅಂಟಿಸಿದಳು. ಉಳಿದವಕ್ಕಿಂತ ಎರಡರಷ್ಟು ಗೋಂದು ಬಿದ್ದಿತ್ತು ಅಷ್ಟೇ.

ಫಲಿತಾಂಶದ ದಿನ ಕಾಂಪೌಂಡಿನ ಆಚೆ ಎಂದಿನಂತೆ ಜನ ಸೇರಿತು, ಆದರೆ ನೋಡುವುದಕ್ಕೆ ಏನೂ ಇರಲಿಲ್ಲ. ಅಂಗಳ ಖಾಲಿ. ಮಕ್ಕಳು ಒಬ್ಬೊಬ್ಬರಾಗಿ ಲೈಬ್ರರಿಯ ಮುಂಬಾಗಿಲಿಂದ ಒಳಗೆ ಹೋಗಿ, ಕವರು ಹಿಡಿದು ಹಿಂಬಾಗಿಲಿಂದ ಹೊರಗೆ ಬರುತ್ತಿದ್ದರು. ಹಿಂಬಾಗಿಲಲ್ಲಿ ನಿಂತವಳು ಗಂಟೆಯಮ್ಮ. ಒಬ್ಬಳು ಮರದ ಹಿಂದೆ ಹೋಗಿ ತೆಗೆದಳು. ಒಬ್ಬ ತೆಗೆಯುವ ಧೈರ್ಯವಿಲ್ಲದೆ ಜೇಬಿಗೆ ಹಾಕಿಕೊಂಡು ಮನೆಗೇ ನಡೆದ. ಇಬ್ಬರು ಕವರು ಅದಲುಬದಲು ಮಾಡಿಕೊಂಡು ಒಬ್ಬರದ್ದನ್ನೊಬ್ಬರು ಓದಿ ಕುಣಿದರು. ಇದೆಂಥ ಫಲಿತಾಂಶ, ಮದುವೆಮನೆಯಲ್ಲಿ ವಾಲಗವೇ ಇಲ್ಲದ ಹಾಗೆ ಎಂದು ಗಂಟೆಯಮ್ಮ ಮೂತಿ ಉಬ್ಬಿಸಿಕೊಂಡೇ ನಿಂತಿದ್ದಳು.

ಮಗಳ ಬೆಂಚಿನ ಗೆಳತಿ ಹೊರಗೆ ಬಂದಳು. ಮನೆಗೆ ಬಂದು ಎಷ್ಟೋ ಸಲ ಉಂಡುಹೋದ ಹುಡುಗಿ. ನೀರಿನ ಟ್ಯಾಂಕಿನ ಹಿಂದೆ ಹೋಗಿ ಕವರು ಹರಿದಳು, ಓದಿದಳು, ಮತ್ತೆ ಓದಿದಳು. ಅವಳ ಹೆಗಲು ಕುಸಿದದ್ದು ಗಂಟೆಯಮ್ಮನಿಗೆ ಕಂಡಿತು, ಬೇರೆ ಯಾರಿಗೂ ಕಾಣಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಟ್ಯಾಂಕಿಗೆ ಒರಗಿ ಅತ್ತಳು. ಆಮೇಲೆ ಕಾಗದವನ್ನು ಚಿಕ್ಕದಾಗಿ ಮಡಿಸಿ ಚೀಲದಲ್ಲಿಟ್ಟಳು, ನಲ್ಲಿ ತಿರುಗಿಸಿ ಮುಖ ತೊಳೆದಳು, ಲಂಗಕ್ಕೆ ಕೈ ಒರೆಸಿಕೊಂಡು ಎಲ್ಲರ ಜೊತೆ ಗೇಟು ದಾಟಿದಳು. ಹೊರಗೆ ನಿಂತ ಅಷ್ಟು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅವಳ ಅಮ್ಮ ಬಂದು ಕೈ ಹಿಡಿದುಕೊಂಡಳು, ಇಬ್ಬರೂ ಏನೋ ಮಾತಾಡಿಕೊಳ್ಳುತ್ತ ಹೋದರು. ಗಂಟೆಯಮ್ಮನ ಉಬ್ಬಿದ ಮೂತಿ ಯಾವಾಗ ಇಳಿಯಿತೋ ಅವಳಿಗೇ ಗೊತ್ತಾಗಲಿಲ್ಲ.

ಕೊನೆಗೆ ಮಗಳು ಬಂದಳು. ಕವರು ತೆಗೆದಿರಲಿಲ್ಲ. "ನೀನೇ ತೆಗಿ. ಗೋಂದು ನೋಡಿದ್ರೇನೇ ಗೊತ್ತಾಗುತ್ತೆ, ನಿನ್ನ ಕೆಲಸ" ಎಂದಳು.

ಕವರು ಯಾವ ಕಡೆಯಿಂದಲೂ ಬಿಡಲೇ ಇಲ್ಲ. ಹಲ್ಲಲ್ಲಿ ಕಚ್ಚಿ ಹರಿಯಬೇಕಾಯಿತು. ಮಡಿಕೆ ಬಿಡಿಸಿ ಗಂಟೆಯಮ್ಮ ಓದಿದಳು. ಗಣಿತಕ್ಕೆ ನೂರಕ್ಕೆ ನೂರು. ಉಳಿದ ಯಾವುದೂ ತೊಂಬತ್ತೈದರ ಕೆಳಗಿಲ್ಲ. ಅಷ್ಟರಲ್ಲಿ ಗುಮಾಸ್ತರು ಕಿಟಕಿಯಿಂದ ತಲೆ ಹಾಕಿ, "ಇಡೀ ಶಾಲೆಗೇ ಮೊದಲು! ನಾನು ಹೇಳಿದೆ ಅನ್ಬೇಡ" ಎಂದು ಪಿಸುಗುಟ್ಟಿ ಮಾಯವಾದರು.

ಹೆಮ್ಮೆಯಿಂದ ಗಂಟೆಯಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಹೋಗಿ ಸುತ್ತಿಗೆ ಎತ್ತಿದಳು. ಎತ್ತಿದ ಕೈ ಹಳಿಯ ಹತ್ತಿರವೇ ನಿಂತಿತು. ಗೇಟಿನ ಆಚೆ, ಬೀದಿಯ ತಿರುವಿನಲ್ಲಿ, ಆ ಗೆಳತಿ ಮತ್ತು ಅವಳ ಅಮ್ಮ ಇನ್ನೂ ಕಾಣುತ್ತಿದ್ದರು. ಈ ಏಟು ಅಲ್ಲಿಗೂ ಕೇಳುತ್ತದೆ. ಗಂಟೆಯಮ್ಮ ಸುತ್ತಿಗೆಯನ್ನು ಕೆಳಗಿಟ್ಟಳು.

"ಥ್ಯಾಂಕ್ಸ್ ಅಮ್ಮ" ಎಂದಳು ಬೆನ್ನಹಿಂದೆಯೇ ಬಂದಿದ್ದ ಮಗಳು. ಆಮೇಲೆ "ಹೆಡ್‌ಮಿಸ್ ಹತ್ರ ಹೋಗಿ ಕೇಳಿದ್ದು ನಾನೇ" ಎಂದಳು.

"ಏನನ್ನ?"

"ಕವರು ಮಾಡಿ ಅಂತ."

ಗಂಟೆಯಮ್ಮ ಮಗಳ ಕಡೆಗೆ ತಿರುಗಿದಳು. "ಮತ್ತೆ ಎರಡು ದಿನದಿಂದ ನಾನು ಶಾಪ ಹಾಕಿದ್ದು?"

"ನಂಗೇನೇ. ಎದುರಿಗೇ ಕೂತು ಉಂಡೆ. ಹೇನು ಬಿದ್ರೆ ನೀನೇ ಬಾಚಿ ತೆಗೀಬೇಕು ನೋಡು."

"ಮೊದಲು ಬರ್ತೀನಿ ಅಂತ ಗೊತ್ತಿದ್ದೂ ಹೋಗಿ ಕೇಳಿದ್ಯಾ? ನಿನ್ನ ಹೆಸರು ಊರಿಗೆಲ್ಲ ಕೇಳಿಸ್ತಿತ್ತಲ್ಲೇ, ಹುಚ್ಚಿ!"

"ನನ್ನ ಹೆಸರು ಓದಿದ ಮೇಲೆ ಕೊನೇಲಿ ಯಾರೋ ಒಬ್ಬರು ನಿಂತಿರ್ತಿದ್ರಲ್ಲಮ್ಮ, ಹೋಗು ಅಂತ ಯಾರೂ ಹೇಳ್ದೆ" ಎಂದಳು ಮಗಳು. "ನೀನು ಆ ಕಥೆ ಹೇಳಿದಾಗೆಲ್ಲ ನಂಗೆ ನಗು ಬರ್ತಾನೇ ಇರಲಿಲ್ಲ."

ಗಂಟೆಯಮ್ಮ ಮಗಳ ಮುಖವನ್ನೇ ನೋಡಿದಳು. ನೂರಕ್ಕೆ ನೂರು ಎಂದು ಓದಿದಾಗ ಆಗಿದ್ದ ಹೆಮ್ಮೆ, ಈಗ ಆದ ಹೆಮ್ಮೆಯ ಮುಂದೆ ಏನೇನೂ ಅಲ್ಲ ಎನಿಸಿತು. ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಮಕ್ಕಳೆಲ್ಲ ಹೋಗಿಯಾಗಿತ್ತು. ಹದಿನೆಂಟು ವರ್ಷದಿಂದ ದಿನಾ ದಾಟಿ ಓಡಾಡಿದ ಅಂಗಳ, ಆದರೂ ಹದಿನಾರರಲ್ಲಿ ತಾನು ನಿಂತಿದ್ದ ಜಾಗ ಅವಳಿಗೆ ಅಳತೆ ಹಾಕಿದಷ್ಟು ನೆನಪಿತ್ತು. ನಡುವಿನ ಸಾಲು, ಎಡಗಡೆಯ ಕೊನೆ. ಅಲ್ಲಿ ಹೋಗಿ ನಿಂತಳು. ಅಂಕಪಟ್ಟಿಯನ್ನು ಎದೆಗೆ ಅವುಚಿಕೊಂಡು, ಅಂದು ಅಳದಿದ್ದ ಅಳುವನ್ನೆಲ್ಲ ಬಿಸಿಲಲ್ಲಿ ನಿಂತು ಅತ್ತಳು. ಅಳುತ್ತಲೇ ನಗುತ್ತಲೂ ಇದ್ದಳು.

ಮಗಳು ಮೆಟ್ಟಿಲ ಮೇಲೆಯೇ ಸ್ವಲ್ಪ ಹೊತ್ತು ಕಾದಳು. ಆಮೇಲೆ ಇಳಿದು ಬಂದು ತಾಯಿಯ ಕೈ ಹಿಡಿದಳು.

"ಮುಗೀತು ಕಣಮ್ಮ" ಎಂದಳು. "ಬಾ, ಮನೆಗೆ ಹೋಗೋಣ."