ಹಾಲಮ್ಮನ ಮಾವು

“ನಾನು ಈ ಮನೇಲಿರೋವರೆಗೂ ನಿನ್ನ ಮರಕ್ಕೆ ಕೊಡಲಿ ಬೀಳಲ್ಲ” ಎಂದು ಹಿರಿಯಣ್ಣ ಮಾತು ಕೊಟ್ಟದ್ದು ಸಾಯುತ್ತಿದ್ದ ಮೊದಲ ಹೆಂಡತಿ ಹಾಲಮ್ಮನಿಗೆ. ಇಪ್ಪತ್ತೇಳು ವರ್ಷಗಳ ನಂತರ ಅವನ ಹೆಣಕ್ಕೆ ಸ್ನಾನ ಮಾಡಿಸಲು ಜನ್ನಾಪುರದ ಆ ಮನೆಯ ಹಿತ್ತಲಲ್ಲಿ ನೀರು ಕಾಯುತ್ತಿತ್ತು. ಎರಡನೆಯ ಹೆಂಡತಿ ವೇದಾವತಿ ಹಂಡೆಯಡಿಯಿಂದ ಉರಿಯುವ ಪುಳ್ಳೆಗಳನ್ನು ಎಳೆದೆಳೆದು ಹೊರಗೆ ಹಾಕುತ್ತಿದ್ದಳು.

“ಕೈ ಸುಡುತ್ತೆ ಮಾರಾಯ್ತಿ!” ಎನ್ನುತ್ತ ಓಬಯ್ಯ ಓಡಿಬಂದ. ಹಿರಿಯಣ್ಣ ಶಿವಮೊಗ್ಗ–ಭದ್ರಾವತಿ ಬಸ್ಸಿಗೆ ಕಂಡಕ್ಟರಾಗಿದ್ದಷ್ಟು ಕಾಲವೂ ಡ್ರೈವರಾಗಿದ್ದವನು.

“ಯಾರು ತಂದಿದ್ದು ಇದನ್ನ?”

“ನಾನೇ ಕಣಮ್ಮ. ಮರದ ಕೆಳಗೆ ಬಿದ್ದಿತ್ತು, ಚೆನ್ನಾಗಿ ಒಣಗಿದೆ ಅಂತ…”

“ಅವಳ ಸೌದೇಲಿ ಕಾಯ್ಸಿದ ನೀರು ಇವರ ಮೈಗೆ ಬೇಡ. ಅಲ್ಲಿ ತೆಂಗಿನ ಚಿಪ್ಪಿದೆ, ಹಾಕಣ್ಣ.”

ಓಬಯ್ಯ ತಲೆಯೆತ್ತಿ ನೋಡಿದ. ಹಾಲಮ್ಮ ನೆಟ್ಟ ಮಾವಿನಮರ ಎಲೆಯಿಲ್ಲದೆ, ಬಚ್ಚಲ ಮೇಲೂ ಪಕ್ಕದ ಮನೆಯ ತಗಡಿನ ಮೇಲೂ ಬಾಗಿ ನಿಂತಿತ್ತು. ಕಾಂಡಕ್ಕೆ ಹುಳು ಬಿದ್ದು ಎರಡು ವರ್ಷವಾಗಿತ್ತು. ಬುಡದಲ್ಲಿ ದಿನವೂ ಹಿಟ್ಟು ಉದುರುತ್ತಿತ್ತು. ಯುಗಾದಿಯ ಹಿಂದಿನ ದಿನ ಗಾಳಿಗೆ ಮುರಿದ ಕೊಂಬೆ, ಕೆಳಗೆ ಗುಡಿಸುತ್ತಿದ್ದ ಹಿರಿಯಣ್ಣನ ಹೆಗಲ ಮೇಲೆ ಬಿತ್ತು. ಎರಡು ತಿಂಗಳು ಮಲಗಿದ್ದವನು ಈ ಬೆಳಿಗ್ಗೆ ಏಳಲಿಲ್ಲ.

*

ಪ್ರತಿ ಮಹಾಲಯ ಅಮಾವಾಸ್ಯೆಗೆ ಹಿರಿಯಣ್ಣ ಶಿವಮೊಗ್ಗದಿಂದ ಒಂದು ಗಿಣಿಹಸಿರು ಸೀರೆ ತರುತ್ತಿದ್ದ. ಹಾಲಮ್ಮನಿಗೆ ಇಷ್ಟದ ಬಣ್ಣ. ಅವಳ ಫೋಟೋದ ಮುಂದೆ ಎಡೆಯ ಜೊತೆ ಇಟ್ಟು, ಮಾರನೆಯ ದಿನ “ಇನ್ನು ನೀನು ಉಟ್ಕೋ” ಎನ್ನುತ್ತಿದ್ದ. ವೇದಾವತಿಯ ಟ್ರಂಕಿನಲ್ಲಿ ಹಾಗೆ ಇಪ್ಪತ್ತಾರು ಹಸಿರು ಸೀರೆಗಳಿದ್ದವು. ಮೊದಲು ತನಗೇ ಎಂದು ಬಂದದ್ದು ಒಂದೂ ಇರಲಿಲ್ಲ.

ಮರ ಒಣಗಿದ ಮೇಲೂ ಬೆಳಗಾದರೆ ಅದರ ಬುಡಕ್ಕೆ ಎರಡು ಬಕೆಟ್ ನೀರು.

“ಸತ್ತಿರೋದಕ್ಕೆ ಯಾಕ್ರೀ ನೀರು?”

“ಬೇರಲ್ಲಿ ಜೀವ ಇರಬಹುದು ಕಣೆ.”

“ಸೊಂಟ ಹಿಡ್ಕೊಂಡು ಮಲಗಿದಾಗ ನನಗೊಂದು ಚೊಂಬು ಬಿಸಿನೀರು ಕಾಯ್ಸಿ ಕೊಟ್ಟೋರಲ್ಲ.”

ಹಿರಿಯಣ್ಣ ನಕ್ಕು, ಬಾಗಿಲಲ್ಲಿ ನಿಂತು ಗೊಣಗುವ ಪ್ರಯಾಣಿಕರಿಗೆ ಹೇಳುವಂತೆ ಹೇಳಿದ್ದ: “ಒಳಗ್ ನಡೀರಿ, ಒಳಗ್ ನಡೀರಿ.”

*

ಪಕ್ಕದ ಮನೆಯ ಗ್ಯಾರೇಜಿನ ಮುಸ್ತಕೀಮ್ ಗರಗಸದ ಮಿಷನ್ ಹೊತ್ತು ತಂದ.

“ಸುಡೋದಕ್ಕೆ ಹೆಂಗೂ ಮಾವೇ ಬೇಕಲ್ಲ ಅಕ್ಕ. ಎರಡು ಗಂಟೆ ಕೊಡಿ, ಉರುಳಿಸ್ತೀನಿ. ನಮ್ಮ ಮಕ್ಕಳೂ ಆ ತಗಡಿನ ಕೆಳಗೇ ಮಲಗ್ತಾವೆ.”

“ಕಡೀಲಿ ಚಿಕ್ಕಮ್ಮ” ಎಂದಳು ಶಿವಮೊಗ್ಗದಿಂದ ಬಂದಿದ್ದ ಮಾನಸ, ಹಾಲಮ್ಮನ ಮಗಳು. “ಅಮ್ಮನ ಮರ. ಅಪ್ಪನ ಜೊತೆಗೇ ಹೋಗ್ಲಿ.”

ಮಾನಸಳಿಗೆ, ಎರಡು ವರ್ಷದವಳಿದ್ದಾಗಿನಿಂದ ಜಡೆ ಹೆಣೆದು ಬೆಳೆಸಿದವಳು ಚಿಕ್ಕಮ್ಮ. ಫೋಟೋದಲ್ಲಿರುವವಳು ಅಮ್ಮ. ಇನ್ನು ಚಿತೆಯ ಮೇಲೂ ಹಿರಿಯಣ್ಣ, ಹಾಲಮ್ಮ ಇಬ್ಬರೇ.

“ಕಡೀಬೇಡ” ಎಂದಳು ವೇದಾವತಿ.

“ಅಕ್ಕಾ, ಕಡ್ಸಿ ಕಡ್ಸಿ ಅಂತ ಜಗಳ ಆಡ್ತಿದ್ದೋರು ನೀವೇ!”

“ಇವರು ಮನೇಲಿರೋವರೆಗೂ ಕೊಡಲಿ ಬೀಳಲ್ಲ ಅಂತ ಮಾತು ಕೊಟ್ಟಿದ್ದಾರೆ. ಇನ್ನೂ ಮನೇಲೇ ಇದ್ದಾರಲ್ಲ, ನೋಡು.” ಜಗಲಿಯ ಕಡೆ ಕೈ ತೋರಿದಳು. “ಡಿಪೋದಿಂದ ಸೌದೆ ತರ್ಸಿ.”

ಮಾನಸಳ ಕಣ್ಣು ತುಂಬಿತು. “ಅಮ್ಮನಿಗೆ ಕೊಟ್ಟ ಮಾತು ನಿಮಗೂ ನೆನಪಿದೆಯಲ್ಲ ಚಿಕ್ಕಮ್ಮ” ಎಂದು ಅವಳ ಕೈ ಹಿಡಿದುಕೊಂಡಳು. ವೇದಾವತಿ ಕೈ ಬಿಡಿಸಿಕೊಂಡಳು.

ಮೂರು ಗಂಟೆಗೆ ಚಟ್ಟ ಎತ್ತಿದರು. ಬೆಂಕಿಯ ಮಡಕೆ ಹಿಡಿದು ಮಾನಸಳೇ ಮುಂದೆ ನಡೆದಳು. ಹಿಂದೆ ಓಬಯ್ಯ, ಹಳೆಯ ಅಭ್ಯಾಸದಂತೆ ತಿರುವಿನಲ್ಲಿ “ನಿಧಾನ, ನಿಧಾನ” ಎನ್ನುತ್ತಿದ್ದ. ಜನ ರಸ್ತೆ ತಿರುಗಿ ಮರೆಯಾಗುವವರೆಗೆ ವೇದಾವತಿ ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಕಾಂಪೌಂಡಿನ ಹತ್ತಿರ ಹೋಗಿ ಕೂಗಿದಳು.

“ಮುಸ್ತಕೀಮ್, ಶುರು ಮಾಡಪ್ಪ.”

“ಇವತ್ತೇನಾ ಅಕ್ಕ? ಜನ ಏನಂತಾರೆ?”

“ಇವತ್ತೇ.”

ಮುಸ್ತಕೀಮ್ ಮತ್ತು ಗ್ಯಾರೇಜಿನ ಹುಡುಗರು ಹಗ್ಗ ಕಟ್ಟಿ ಮೊದಲು ತಗಡಿನ ಮೇಲಿನ ಕೊಂಬೆಗಳನ್ನು ಇಳಿಸಿದರು. ಬುಡ ಕತ್ತರಿಸುವಾಗ ಮಿಷನ್ ಒಮ್ಮೆಲೇ ಹಗುರಾಗಿ ಓಡಿತು. ಒಳಗೆ ಏನೂ ಇರಲಿಲ್ಲ. ಕೈ ಹಾಕಿದರೆ ಮೊಣಕೈವರೆಗೂ ಹಿಟ್ಟು.

“ಯಾ ಅಲ್ಲಾ, ಇದು ಯಾವ ನಂಬಿಕೆ ಮೇಲೆ ನಿಂತಿತ್ತೋ” ಎಂದ ಮುಸ್ತಕೀಮ್.

ಸಂಜೆ ಮಸಣದಿಂದ ಮರಳಿದವರು ಸ್ನಾನಕ್ಕೆಂದು ಹಿತ್ತಲಿಗೆ ಬಂದಾಗ ಮರವಿದ್ದ ಕಡೆ ಬರೀ ಆಕಾಶವಿತ್ತು. ಮಾನಸ, ಚಿತೆ ಸುತ್ತುವಾಗ ಮಡಕೆ ನೀರಿಗೆ ನೆನೆದ ಸೀರೆಯಲ್ಲಿ ನಿಂತುಬಿಟ್ಟಳು. ವೇದಾವತಿ ಹಂಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮಾವಿನ ತುಂಡುಗಳನ್ನು ಒಂದೊಂದಾಗಿ ಒಲೆಗೆ ನೂಕುತ್ತಿದ್ದಳು.

“ನೀರು… ಕಾದಿದೆಯಾ ಚಿಕ್ಕಮ್ಮ?”

“ಕಾದಿದೆ. ತಡಿ, ಮೊದಲು ನಾನು.”

ಎರಡು ಬಕೆಟ್ ತುಂಬಿಕೊಂಡು, ಚೊಂಬು ತೆಗೆದುಕೊಂಡು ಬಚ್ಚಲ ಬಾಗಿಲು ಹಾಕಿಕೊಂಡಳು. ಬಿಸಿನೀರು ಸುರಿಯುವ ಸದ್ದು ತುಂಬ ಹೊತ್ತು ಕೇಳಿಸುತ್ತಿತ್ತು.

ಹಿರಿಯಣ್ಣ ಮನೆಯಲ್ಲಿರುವವರೆಗೆ ಆ ಮರಕ್ಕೆ ಕೊಡಲಿ ಬೀಳಲಿಲ್ಲ.